ನೀಲಿ ನೀರು ಹೋದ ದಾರಿ

ಮಾರ್ಚ್ 10, ಸೋಮವಾರ

ಕಸ ಒತ್ತುವ ಕಾಂಪ್ಯಾಕ್ಟರ್ ಗಾಡಿಯ ಹೈಡ್ರಾಲಿಕ್ ಪೈಪು ಮತ್ತೆ ಸೋರುತ್ತಿದೆ. ತಿಂಗಳಲ್ಲಿ ಎರಡನೇ ಸಲ. ವಾಷರ್ ಬದಲಿಸಿದೆ. ಟ್ರ್ಯಾಕ್ಟರಿನ ಆಯಿಲ್ ಚೇಂಜೂ ಮುಗಿಸಿದೆ. ಕರಿ ಆಯಿಲ್ ಡ್ರಮ್ಮಿಗೆ, ಚೆಲ್ಲಿದ್ದು ನೆಲಕ್ಕೆ, ನೆಲದ ಮೇಲೆ ಪೈಪು ಹಿಡಿದರೆ ಎಲ್ಲ ಗಟಾರಕ್ಕೆ. ಇಪ್ಪತ್ತೆರಡು ವರ್ಷದಿಂದ ಪುರಸಭೆಯ ಗಾಡಿ ಶೆಡ್ಡು ನನ್ನ ಕೈಯಲ್ಲಿದೆ, ನೆಲ ಯಾವತ್ತೂ ಕುಳಿತು ಊಟ ಮಾಡುವಷ್ಟು ಸ್ವಚ್ಛ. ಇದನ್ನು ಯಾರೂ ಹೊಗಳಿಲ್ಲ. ಇರಲಿ.

ಅಫ್ಜಲನಿಗೆ ಬೈದೆ. ಒಳ್ಳೆ ಡ್ರೈವರ್, ಆದರೆ ರಿವರ್ಸ್ ತೆಗೆಯುವಾಗ ಕನ್ನಡಿ ನೋಡುವುದಿಲ್ಲ, ದೇವರ ಮೇಲೆ ಭಾರ ಹಾಕುತ್ತಾನೆ.

ಹನ್ನೊಂದಕ್ಕೆ ಹೊಸ ಪರಿಸರ ಇಂಜಿನಿಯರ್ ಬಂದರು — ಸುಮಯ್ಯ ಮೇಡಂ. ಸವಣೂರಿನಿಂದ ದಿನಾ ಬಸ್ಸಿಗೆ ಓಡಾಡುತ್ತಾರೆ. ನನ್ನ ಮಗಳಿಗಿಂತ ಚಿಕ್ಕವರಿರಬೇಕು. ರಂಜಾನಿನ ರೋಜಾ ಉಪವಾಸ ಅಂತೆ, ಚಹಾ ಬೇಡ ಅಂದರು. ನಾನು ನೆಲ ತೊಳೆಯುವುದನ್ನೇ ನೋಡುತ್ತ ನಿಂತರು.

"ಶಂಭಣ್ಣಾರ, ಈ ನೀರು ಎಲ್ಲಿಗೆ ಹೋಗತೈತ್ರಿ?"

"ಗಟಾರಕ್ಕರಿ."

"ಗಟಾರ ಎಲ್ಲಿಗೆ ಹೋಗತೈತಿ?"

"ಮುಂದಕ್ಕರಿ."

"ಮುಂದ ಅಂದ್ರ?"

ಮುಂದೆ ಅಂದರೆ ಮುಂದೆ! ಗಟಾರದ ವಂಶಾವಳಿ ಕೇಳುವವರನ್ನು ಇವತ್ತೇ ನೋಡಿದ್ದು. ಅವರು ಸಿಟ್ಟಾಗಲಿಲ್ಲ. "ಮಳಿ ನೀರಿನ ಗಟಾರಕ್ಕ ನಡುವ ಎಲ್ಲೂ ಜರಡಿ ಇರೂದಿಲ್ಲರಿ. ನಾವ ಇಲ್ಲೆ ಏನ್ ಬಿಡ್ತೇವಿ, ಅದ ಹೋಗಿ ಮುಟ್ಟತೈತಿ" ಅಂದರು. ನೆಲಕ್ಕೆ ನೀರು ಬಿಡಬೇಡಿ, ಕಟ್ಟಿಗೆ ಹೊಟ್ಟು ಹಾಕಿ ಗುಡಿಸಿ ಅಂದರು. ಹೂಂ ಅಂದೆ. ಅವರು ಹೋದ ಮೇಲೆ ಉಳಿದ ಅರ್ಧ ನೆಲ ತೊಳೆದೆ.

ಮಾರ್ಚ್ 12, ಬುಧವಾರ

ಆಫೀಸಿನಲ್ಲಿ ಮೇಡಂ ಗೋಡೆಯ ಮೇಲಿನ ನಕ್ಷೆ ತೋರಿಸಿದರು. ಊರ ಗಟಾರಗಳ ನಕ್ಷೆ, ಯಾವುದೋ ಕಂಪನಿ ಮಾಡಿಕೊಟ್ಟದ್ದು. ಶೆಡ್ಡಿನ ಗಟಾರ ಪಡುವಣ ಹಳ್ಳಕ್ಕೆ ಹೋಗುತ್ತದೆ ಎಂದು ಬಾಣದ ಗುರುತು. ಒಳ್ಳೇದಾಯಿತು ಅಂದುಕೊಂಡೆ, ಹಳ್ಳದಲ್ಲಿ ಹೇಗೂ ಜಾಲಿ ಬಿಟ್ಟರೆ ಏನೂ ಇಲ್ಲ.

ಆಗ ಹೊನ್ನವ್ವ ಬಂದಳು, ಹಾಜರಿ ಪುಸ್ತಕ ಕೊಡಲು. ಪೌರಕಾರ್ಮಿಕರ ಹದಿನಾಲ್ಕು ಜನರ ತಂಡಕ್ಕೆ ಅವಳೇ ಮುಂದಾಳು. ಹತ್ತೊಂಬತ್ತು ವರ್ಷ ಆಯಿತು, ಇನ್ನೂ ಖಾಯಂ ಆಗಿಲ್ಲ. ನಕ್ಷೆಯನ್ನು ಒಂದು ನಿಮಿಷ ನೋಡಿದಳು.

"ಮೇಡಮ್ಮಾರ, ಇದು ತಪ್ಪೈತ್ರಿ. ಶೆಡ್ಡಿನ ನೀರು ಹಳ್ಳಕ್ಕ ಹೋಗೂದಿಲ್ಲ. ಕೆರಿಗೆ ಹೋಗತೈತಿ."

ನನಗೆ ರೇಗಿತು. "ಅವ್ರು ಮಷಿನ್ ಇಟ್ಟ ಅಳದಾರವಾ. ನೀ ಏನಿಟ್ಟ ಅಳದಿ?"

"ನಾ ಬಣ್ಣ ಇಟ್ಟ ಅಳದೇನ್ರಿ. ಶನಿವಾರ ಬಣ್ಣ ಐತೆಲ್ಲ, ಬರ್ರಿ, ತೋರಸ್ತೇನಿ."

ಮಾರ್ಚ್ 15, ಶನಿವಾರ

ಹೋಳಿ ಬಣ್ಣದ ದಿನ. ರಜೆ ಹಾಳು. ಮೇಡಂ ಬರಲೇಬೇಕು ಅಂದರು.

ನಮ್ಮ ಊರಲ್ಲಿ ಒಂದು ಜಿದ್ದು ಇದೆ — ಒಂದು ಓಣಿಯ ಬಣ್ಣ ಇನ್ನೊಂದು ಓಣಿಯವರು ತರುವುದಿಲ್ಲ. ಅಗಸಿ ಓಣಿಯವರದು ಹಸಿರು. ಪ್ಯಾಟಿಯವರದು ಗುಲಾಬಿ. ಶೆಡ್ಡಿನ ಹಿಂದಿನ ಕ್ವಾರ್ಟರ್ಸಿನವರದು ನೀಲಿ. ಮಧ್ಯಾಹ್ನ ಆಟ ಮುಗಿದ ಮೇಲೆ ಬ್ಯಾರಲ್ಲುಗಳನ್ನು ಗಟಾರಕ್ಕೆ ಉರುಳಿಸುತ್ತಾರೆ. ಇದು ಹುಟ್ಟಿದಾಗಿನಿಂದ ನೋಡಿದ್ದು. ಆದರೆ ಆ ನೀರಿನ ಹಿಂದೆ ನಡೆದುಕೊಂಡು ಹೋದವಳು ಹೊನ್ನವ್ವ ಒಬ್ಬಳೇ. ಮರುದಿನ ಗಟಾರ ಬಳಿಯುವ ಪಾಳಿ ಅವಳದೇ ಅಲ್ಲವೇ. ಎಲ್ಲಿ ಯಾವ ಬಣ್ಣ ಹತ್ತಿರುತ್ತದೆ ಎಂದು ಹತ್ತೊಂಬತ್ತು ವರ್ಷ ನೋಡಿದ್ದಾಳೆ.

ನೀಲಿ ನೀರು ಶೆಡ್ಡಿನ ಮುಂದೆ ಹಾದು ಹಳೇ ಬಸ್‌ಸ್ಟ್ಯಾಂಡಿನ ಕಲ್ಲುಚಪ್ಪಡಿಗಳ ಕೆಳಗೆ ಹೋಯಿತು. ಅಲ್ಲಿಂದ ಕಾಣುವುದಿಲ್ಲ. ನಕ್ಷೆ ಬಲಕ್ಕೆ ತಿರುಗುತ್ತದೆ ಅನ್ನುತ್ತದೆ. ಹೊನ್ನವ್ವ ಎಡಕ್ಕೆ ತಿರುಗಿ ನೆಟ್ಟಗೆ ಕೆರೆಯ ದಂಡೆಗೆ ಕರೆದುಕೊಂಡು ಹೋದಳು. ಮೇಡಂಗೆ ಬೇವಿನ ಗಿಡದ ಕೆಳಗೆ ಜಾಗ ಮಾಡಿದಳು. "ರೋಜಾ ಹಿಡದೀರಿ, ಬಿಸಲಾಗ ನಿಂದರಬ್ಯಾಡ್ರಿ." ತಾನು ದಂಡೆಯ ಮೇಲೆ ಕುಳಿತು ಎಲೆ-ಅಡಿಕೆ ಬಿಚ್ಚಿದಳು.

"ಎಷ್ಟೊತ್ತವಾ?" ಅಂದೆ.

"ಎರಡ ಎಲಿ ತಿನ್ನೂತನಕರಿ."

ಎರಡನೇ ಎಲೆ ಇನ್ನೂ ಬಾಯಲ್ಲಿತ್ತು. ಗಟಾರ ಕೆರೆಗೆ ಬೀಳುವ ಕಲ್ಲಿನ ಬಾಯಿಂದ ನೀಲಿ ನೀರು ಬಂತು! ಮೊದಲು ತೆಳ್ಳಗೆ, ಆಮೇಲೆ ಗಟ್ಟಿ ನೀಲಿ. ಮೇಡಂ ಚಪ್ಪಾಳೆ ತಟ್ಟಿಬಿಟ್ಟರು. ನನಗೆ ತಟ್ಟಲು ಆಗಲಿಲ್ಲ. ಆ ಬಾಯಿಂದ ಹತ್ತು ಹೆಜ್ಜೆಗೆ ಸಿಹಿ ಬಾವಿ ಇದೆ. ನಳ ಎಂಟು ದಿನಕ್ಕೊಮ್ಮೆ ಬರುತ್ತದೆ. ದಂಡೆಯ ಮೂವತ್ತು ಮನೆ ಆ ಬಾವಿಯ ನೀರನ್ನೇ ಕುಡಿಯುತ್ತವೆ. ಮೂರನೇ ಮನೆ ಹೊನ್ನವ್ವನದು.

ಏಳು ವರ್ಷದ ಹಿಂದೆ ಅವಳು ಒಂದು ತಂಬಿಗೆ ನೀರು ಹಿಡಿದುಕೊಂಡು ಶೆಡ್ಡಿಗೆ ಬಂದಿದ್ದಳು. ಶಂಭಣ್ಣಾರ, ನೀರಿನಾಗ ಆಯಿಲ್ ವಾಸನಿ ಬರ್ತೈತ್ರಿ, ಮೂಸಿ ನೋಡ್ರಿ ಅಂದಿದ್ದಳು. ನಾನು ಎಲ್ಲರ ಮುಂದೆ, ಹಂಗಾರ ಒಗ್ಗರಣಿ ಖರ್ಚು ಉಳೀತು ಬಿಡು ಅಂದಿದ್ದೆ. ಎಲ್ಲರೂ ನಕ್ಕರು. ಅವಳೂ ನಕ್ಕು ತಂಬಿಗೆ ಚೆಲ್ಲಿ ಹೋದಳು.

ಇವತ್ತು ಆ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 9, ಬುಧವಾರ

ಬಹಳ ದಿನ ಬರೆಯಲಿಲ್ಲ. ಗಾರೆ ಕೆಲಸ ನಡೆದಿತ್ತು.

ಗಾಡಿ ತೊಳೆಯುವ ಜಾಗಕ್ಕೂ ಆಯಿಲ್ ಡ್ರಮ್ಮಿಗೂ ಸುತ್ತ ಮೊಣಕಾಲೆತ್ತರದ ಕಟ್ಟೆ. ಗಾಡಿ ಹತ್ತಿ ಇಳಿಯಲು ಒಂದು ಕಡೆ ಇಳಿಜಾರು. ಹಿಂದೆ ಮೂರು ಖಾನೆಯ ಗುಂಡಿ, ತೊಳೆದ ನೀರು ಅಲ್ಲಿಗೆ ಹೋಗಬೇಕು, ಆಯಿಲ್ ಮೊದಲ ಖಾನೆಯಲ್ಲೇ ತೇಲಿ ನಿಲ್ಲುತ್ತದೆ. ಗಟಾರದ ಕಡೆ ಒಂದೇ ಒಂದು ತೂತು. ಮಳೆ ನೀರು ನಿಂತರೆ, ಅದರಲ್ಲಿ ಆಯಿಲ್ ಇಲ್ಲ ಎಂದು ನೋಡಿ, ಆಗ ಮಾತ್ರ ಬಿಡಲು. ಅದಕ್ಕೆ ಬೂಚ ನಾನೇ ಕೆತ್ತಿದೆ. ಜಾಲಿ ಕಟ್ಟಿಗೆ, ಮೇಲೆ ಕೆಂಪು ಅರಿವೆ ಸುತ್ತಿ. ಬಡಿದು ಕೂರಿಸಿದರೆ ಒಂದು ಹನಿ ಜಿನುಗುವುದಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಹೊನ್ನವ್ವ ಬೂಚ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು ಎಂದು ಮೇಡಂ ನಿಯಮ ಮಾಡಿದ್ದಾರೆ. ಬೂಚಿಗೂ ಹಾಜರಿ!

ಆಯಿಲ್ ಚೆಲ್ಲಿದರೆ ಹೀರುವ ಸಾಮಾನಿನ ಪೆಟ್ಟಿಗೆ ಒಂದು ಬರಬೇಕಿತ್ತು. ಫೈಲು ಎಲ್ಲೋ ಮಲಗಿದೆ. ಹೊನ್ನವ್ವ ಕೇಳಿದಳು, "ಅದರಾಗ ಏನಿರ್ತೈತ್ರಿ?" ಮೇಡಂ ಮೊಬೈಲಿನಲ್ಲಿ ಫೋಟೋ ತೋರಿಸಿದರು. "ಇದು ಹತ್ತಿ ಇದ್ದಂಗ ಐತೆಲ್ರಿ." ಮರುದಿನ ಹಾನಗಲ್ ರಸ್ತೆಯ ಜಿನ್ನಿಂಗ್ ಮಿಲ್ಲಿನಲ್ಲಿ ಗುಡಿಸಿ ಒಗೆಯುವ ಕಸರು ಹತ್ತಿ ಎರಡು ಚೀಲ ಹೊತ್ತು ತಂದಳು. ಕಬ್ಬಿಣದ ಬುಟ್ಟಿಯಲ್ಲಿ ನೀರು ಹಾಕಿ ಮೇಲೆ ಆಯಿಲ್ ಬಿಟ್ಟೆವು. ಹತ್ತಿ ಮುಷ್ಟಿ ಇಟ್ಟಳು. ಆಯಿಲ್ ಅಷ್ಟನ್ನೂ ಕುಡಿಯಿತು, ನೀರು ಹಾಗೇ ಉಳಿಯಿತು. ಮೇಡಂ, ಹಸಿ ಹತ್ತಿಗೆ ಹುಟ್ಟಾ ಮೇಣ ಇರುತ್ತದೆ, ನೀರನ್ನು ಒಲ್ಲೆ ಅನ್ನುತ್ತದೆ ಎಂದು ವಿವರಿಸಿದರು. ಹೊನ್ನವ್ವನಿಗೆ ವಿವರಣೆ ಬೇಕಿರಲಿಲ್ಲ. ಅವಳು ಆಗಲೇ ಗೋಣಿಚೀಲ ಸೀಳಿ, ಹತ್ತಿ ತುಂಬಿ, ಉದ್ದನೆ ದಿಂಬು ಹೊಲಿಯುತ್ತಿದ್ದಳು. ಇಪ್ಪತ್ತು ದಿಂಬು. ಶೆಡ್ಡಿನ ಮೂಲೆಯಲ್ಲಿ ಮದುವೆ ಮನೆಯ ಹಾಸಿಗೆ ಪೇರಿಸಿದ ಹಾಗಿದೆ.

ಇಷ್ಟು ವರ್ಷ ಇವಳನ್ನು ಕಸಬರಿಗೆಯ ಲೆಕ್ಕಕ್ಕೆ ಹಿಡಿದಿದ್ದೆ. ನನ್ನ ಬುದ್ಧಿಗಿಷ್ಟು.

ಏಪ್ರಿಲ್ 24, ಗುರುವಾರ

ತಾಲೀಮು. ಹರಿಯುವ ಗಟಾರದಲ್ಲಿ ಆಯಿಲ್ ತಡೆಯುವುದು ಹೇಗೆ ಎಂದು ಮೇಡಂ ಕಲಿಸಿದರು. ಹಲಗೆ ಅಡ್ಡ ಇಡಬೇಕು, ಆದರೆ ತಳಕ್ಕೆ ಮುಟ್ಟಿಸಬಾರದು. ಹೆಂಗಸರಿಗೆ ಅರ್ಥವಾಗಲಿಲ್ಲ, ನನಗೂ ಆಗಲಿಲ್ಲ, ಆದರೆ ನಾನು ತಲೆಯಾಡಿಸಿದೆ. ಹೊನ್ನವ್ವ ತಿರುಗಿ ತನ್ನವರಿಗೆ ಹೇಳಿದಳು:

"ಸಾರಿನ ಮ್ಯಾಲಿನ ಎಣ್ಣಿ ಸೌಟಿಲೆ ತಡದು ಕೆಳಗಿನ ತಿಳಿ ಬಸಿಯೂದಿಲ್ಲೇನ? ಹಂಗ. ನೀರು ಕೆಳಗಿಂದ ಹೋಗಲಿ, ಎಣ್ಣಿ ಮ್ಯಾಲ ನಿಂದರಲಿ."

ಎಲ್ಲರಿಗೂ ತಿಳಿಯಿತು. ನನಗೂ. ಮೇಡಂ ಸವಣೂರಿನ ಎಲೆ ಒಂದು ಕಟ್ಟು ತಂದಿದ್ದರು ಅವಳಿಗೆ. "ಹೊನ್ನಕ್ಕ, ಪಾಠ ನೀನ ಮಾಡು ಇನ್ನ ಮ್ಯಾಲ" ಅಂದರು.

ಮೇ 12, ಸೋಮವಾರ

ಖಾಯಂ ಮಾಡುವವರ ಪಟ್ಟಿಯನ್ನು ಗಾಜಿನ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದ್ದಾರೆ. ಹೊನ್ನವ್ವನ ಹೆಸರು ನಾಲ್ಕನೆಯದು. ಜೂನ್ 9ಕ್ಕೆ ಹಾವೇರಿಯಲ್ಲಿ ದಾಖಲೆ ಪರಿಶೀಲನೆ. ಅಲ್ಲಿಯವರೆಗೆ ಒಂದು ಮೆಮೋ ಸಹ ಇರಬಾರದು, ಇದ್ದರೆ ಹೆಸರು ತೆಗೆಯುತ್ತಾರೆ. ಪಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿದಳು, ನಾನು ನೋಡಿದ್ದು ಗೊತ್ತಾಗಿ ಸೆರಗಿನಿಂದ ಗಾಜು ಒರೆಸಿದ ಹಾಗೆ ಮಾಡಿದಳು.

ಖುಷಿಯಾಯಿತು. ನಿಜವಾಗಿ.

ಮೇ 26, ಸೋಮವಾರ, ಅಮಾವಾಸ್ಯೆ — ಸಂಜೆ 7

ಉಗುರಿನಿಂದ ಆಯಿಲ್ ಹೋಗುತ್ತಿಲ್ಲ.

ಅಮಾವಾಸ್ಯೆ ಗಾಡಿ ಪೂಜೆ. ಒಂಬತ್ತೂ ಗಾಡಿ ತೊಳೆಸಿ, ಲಿಂಬೆಹಣ್ಣು ಕಟ್ಟಿ, ಕಾಯಿ ಒಡೆದು ಮುಗಿಸುವಾಗ ಮೂರೂವರೆ. ಮೋಡ ಕಟ್ಟಿತ್ತು. ನಾಲ್ಕಕ್ಕೆ ಮಳೆ — ಮಳೆಯೆಂದರೆ ಬಿಂದಿಗೆಯಿಂದ ಸುರಿದ ಹಾಗೆ. ಅಫ್ಜಲ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆದ. ಬ್ರೇಕ್ ಒದ್ದೆ. ಕನ್ನಡಿ ನೋಡಲಿಲ್ಲ. ಡ್ರಮ್ಮಿಗೆ ಬಡಿಯಿತು. ತುಂಬಿದ ಡ್ರಮ್ಮು ಉರುಳಿ ಎಲ್ಲ ಕರಿ ಆಯಿಲ್ ಚೆಲ್ಲಿತು. ಕಟ್ಟೆಯ ಒಳಗೇ ಚೆಲ್ಲಿತು. ಅಲ್ಲೇ ನಿಲ್ಲಬೇಕಿತ್ತು. ತೂತಿನಲ್ಲಿ ಬೂಚ ಇರಲಿಲ್ಲ. ನೋಡನೋಡುತ್ತ ಕಪ್ಪಗೆ ಗಟಾರಕ್ಕೆ ಇಳಿಯಿತು.

ನಾನು ಏನು ಮಾಡಿದೆ? ಸೋಪಿನ ಪುಡಿಯ ಚೀಲ ಹುಡುಕಿಕೊಂಡು ಓಡಿದೆ. ಹಾಕಿ ತೊಳೆದರೆ ಕಾಣುವುದಿಲ್ಲ ಅಂತ! ಹೊನ್ನವ್ವ ಕೈಯಿಂದ ಕಸಿದು ಒಗೆದಳು.

"ಸೋಪು ಹಾಕಿದ್ರ ಎಣ್ಣಿ ನೀರಿನಾಗ ಕೂಡಿ ಬಾವ್ಯಾಗ ಇಳೀತೈತ್ರಿ! ಮ್ಯಾಲ ತೇಲಿದ್ರ ಹಿಡೀಬಹುದು. ಕೂಡಿದ್ರ ಹಿಡಿಯಾಕ ಬರಾಂಗಿಲ್ಲ! ಅಫ್ಜಲ, ಉಸುಕಿನ ಚೀಲ ತೂತಿಗೆ ಒತ್ತು. ಒತ್ತಿ ಅದರ ಮ್ಯಾಲ ನಿಂದರು!"

ಅಷ್ಟರಲ್ಲಿ ಚೀಫ್ ಆಫೀಸರ್ ಸಾಹೇಬರ ಫೋನು. ಎಲ್ಲರೂ ಹಳ್ಳಕ್ಕೆ ಹೋಗಿ, ಜೆಸಿಬಿ ಅಲ್ಲಿಗೇ ಕಳಿಸಿದ್ದೇನೆ. ಗೋಡೆಯ ಮೇಲೆ ಇನ್ನೂ ಹಳೇ ನಕ್ಷೆ. ತಿದ್ದಲು ಮೇಡಂ ಬರೆದದ್ದು ಮೇಲೆ ಹೋಗಿ ಕುಳಿತಿದೆ. ನನ್ನ ಕಾಲು ಅಭ್ಯಾಸದಂತೆ ಹಳ್ಳದ ಕಡೆ ತಿರುಗಿತು. ಸಾಹೇಬರ ಮಾತು ಮೀರಿ ರೂಢಿಯಿಲ್ಲ.

ಹೊನ್ನವ್ವನಿಗೂ ಇಲ್ಲ. ಒಂದು ಕ್ಷಣ ಮೇಡಂ ಮುಖ ನೋಡಿದಳು. ಅವರು ಒದ್ದೆ ದುಪಟ್ಟಾ ನಡುವಿಗೆ ಬಿಗಿಯುತ್ತಿದ್ದರು. "ನಡಿ ಹೊನ್ನಕ್ಕ, ನೀ ಎಲ್ಲಿ ಅಂತಿ ಅಲ್ಲಿ" ಅಂದರು.

"ಹಳೇ ಬಸ್‌ಸ್ಟ್ಯಾಂಡ್, ಮೂರನೇ ಚಪ್ಪಡಿ. ಎರಡ ಎಲಿ ಹೊತ್ತೈತಿ, ಮಳಿಗೆ ಒಂದ ಅಂತ ತಿಳೀರಿ. ಓಡ್ರಿ!"

ಹತ್ತಿ ದಿಂಬು ಹೊತ್ತು ಹದಿನಾಲ್ಕು ಹೆಂಗಸರು ಮಳೆಯಲ್ಲಿ ಓಡಿದರು. ನಾನು ಹಲಗೆ ಹೊತ್ತೆ. ಚಪ್ಪಡಿ ಎಬ್ಬಿಸಿದೆವು. ಕೆಳಗೆ ಸೊಂಟದ ತನಕ ನೀರು, ಆಯಿಲ್ ಇನ್ನೂ ಬಂದಿರಲಿಲ್ಲ. ನಾನೇ ಇಳಿದೆ. ಐವತ್ತೊಂಬತ್ತು ವರ್ಷದ ಮೊಣಕಾಲು. ಹಲಗೆ ಅಡ್ಡ ಹಿಡಿದೆ, ತಳದಿಂದ ಗೇಣು ಎತ್ತರಕ್ಕೆ. ಹೊನ್ನವ್ವ ಎದುರಿಗೆ ಇಳಿದು ಇನ್ನೊಂದು ತುದಿ ಹಿಡಿದಳು. ಬಂತು. ಕಪ್ಪು ಕಂಬಳಿ ಹಾಸಿಕೊಂಡು ಬಂದ ಹಾಗೆ ಬಂತು. ಹಲಗೆಗೆ ತಾಗಿ ನಿಂತಿತು! ನೀರು ಕೆಳಗಿಂದ ತಿಳಿಯಾಗಿ ಹೋಯಿತು. ಮೇಲಿನವರು ದಿಂಬು ಇಳಿಸಿದರು, ಕುಡಿದದ್ದು ಎಳೆದರು, ಮತ್ತೆ ಇಳಿಸಿದರು. ಎರಡು ತಾಸು. ಒಮ್ಮೆ ಹೊನ್ನವ್ವನ ಕಣ್ಣು ನನ್ನ ಕಿಸೆಯ ಕಡೆ ಹೋಯಿತು. "ಹಲಿಗಿ ಬಿಗಿ ಹಿಡೀರಿ" ಅಂದಳು.

ಕೆರೆಯ ಬಾಯಿಗೂ ನಾಲ್ಕು ದಿಂಬು ಹಾಕಿಸಿದ್ದರು ಮೇಡಂ. ಅಲ್ಲಿ ಬಂದದ್ದು ಬರೀ ಒಂದು ಬಣ್ಣದ ಪೊರೆ. ಅದನ್ನೂ ದಿಂಬು ಹೀರಿತು. ಬಾವಿಯ ನೀರು ತಂಬಿಗೆಯಲ್ಲಿ ಎತ್ತಿ ಮೂಸಿದೆ. ನಾನೇ ಮೂಸಿದೆ. ಏನೂ ವಾಸನೆ ಇಲ್ಲ.

ಆಯಿಲ್ ಕುಡಿದ ದಿಂಬುಗಳನ್ನು ಕಸದ ಗಾಡಿಗೆ ಹಾಕಗೊಡಲಿಲ್ಲ ಮೇಡಂ. ಮುಚ್ಚಳದ ಡ್ರಮ್ಮಿಗೆ. ಜೆಸಿಬಿ ಹಳ್ಳದಲ್ಲಿ ಬರೀ ಜಾಲಿ ಕಾಯುತ್ತ ನಿಂತಿತ್ತಂತೆ.

ಆಯಿಲ್ ಮೆತ್ತಿದ ಮುಖದಲ್ಲಿ ಹೊನ್ನವ್ವ ಹಲ್ಲು ಬಿಟ್ಟು ನಕ್ಕಳು. ಎಷ್ಟೋ ಸಾಹೇಬರನ್ನು ನೋಡಿದ್ದೇನೆ, ಸಲಾಮು ಹೊಡೆದಿದ್ದೇನೆ. ಇವತ್ತು ಒಳಗಿನಿಂದ ಹೊಡೆದೆ.

ಮೇ 28, ಬುಧವಾರ

ಮೊನ್ನೆ ಒಂದು ಮಾತು ಬರೆಯಲಿಲ್ಲ. ಯಾರೂ ಓದದ ಪುಸ್ತಕಕ್ಕೂ ಸುಳ್ಳು ಹೇಳಿದೆ.

ಬೆಳಿಗ್ಗೆ ಹೆಂಡತಿ ವೀರವ್ವ ಬಟ್ಟೆ ಒಗೆಯುತ್ತಿದ್ದಳು. "ಏನ್ರಿ ಇದು, ಖಾಕಿ ಅಂಗಿ ಕಿಸೆದಾಗ ಕಟಗಿ ತುಂಡು? ಅರಿವಿ ಸುತ್ತೀರಿ?"

ಬೂಚ.

ತೆಗೆದವನು ನಾನು. ಗಾಡಿ ತೊಳೆಯುವಾಗ ಗುಂಡಿ ನಿಧಾನಕ್ಕೆ ಎಳೆಯುತ್ತಿತ್ತು. ಪಾದ ಮುಳುಗುವಷ್ಟು ಕೆಸರು ನೀರು ನಿಂತಿತ್ತು. ಆ ರಾಡಿಯಲ್ಲಿ ಕಾಯಿ ಒಡೆಯುವುದು ಹೇಗೆ? ಪೂಜೆಗೆ ಹೊತ್ತಾಗುತ್ತಿತ್ತು. ಐದು ನಿಮಿಷ ಅಂತ ಎಳೆದು ಕಿಸೆಗೆ ಹಾಕಿಕೊಂಡೆ. ದೇವರ ಕೆಲಸಕ್ಕೆ ನೆಲ ಸ್ವಚ್ಛ ಇರಲಿ ಅಂತ. ಇಪ್ಪತ್ತೆರಡು ವರ್ಷದ ಚಟ. ಆಮೇಲೆ ಮಂಗಳಾರತಿ, ಪ್ರಸಾದ, ಮಳೆ... ಮರೆತೆ.

ಗಟಾರದಲ್ಲಿ ನಿಂತಾಗ ಕೆಂಪು ಅರಿವೆಯ ತುದಿ ಕಿಸೆಯಿಂದ ಹೊರಗೆ ಬಂದಿರಬೇಕು. ಹೊನ್ನವ್ವ ನೋಡಿದ್ದು ಅದನ್ನೇ.

ನಿವೃತ್ತಿಗೆ ಹನ್ನೊಂದು ತಿಂಗಳಿದೆ. ಬೂಚವನ್ನು ಗೋಡೆಗೆ ಒರಗಿಸಿದ ಊಟದ ಅಡ್ಡಣಿಗೆಯ ಹಿಂದೆ ಇಟ್ಟೆ.

ಮೇ 31, ಶನಿವಾರ

ಹೊನ್ನವ್ವನಿಗೆ ಮೆಮೋ ಬಂತು. ಬೆಳಿಗ್ಗೆ ಆರಕ್ಕೆ ಬೂಚ ಇದೆ ಎಂದು ಸಹಿ, ನಾಲ್ಕಕ್ಕೆ ಬೂಚ ಇಲ್ಲ. ಅಂದರೆ ನೋಡದೇ ಸಹಿ ಹಾಕಿದ್ದಾಳೆ, ಇಲ್ಲವೇ ಅವಳ ತಂಡದವರೇ ಗುಡಿಸುವಾಗ ತೆಗೆದಿದ್ದಾರೆ. ಜೂನ್ 6ರ ಒಳಗೆ ಉತ್ತರ ಕೊಡಬೇಕು. ಮೇಡಂ ಒಳಗೆ ಹೋಗಿ ವಾದ ಮಾಡಿದರು. ಊರ ಬಾವಿ ಉಳಿಸಿದವಳಿಗೆ ಮೆಮೋ ಏನ್ರಿ ಸರ್ ಅಂದದ್ದು ಹೊರಗೆ ಕೇಳಿತು. ಸಾಹೇಬರು, ಹಾಗಾದರೆ ಬೂಚ ತೆಗೆದವರನ್ನು ತೋರಿಸಿ ಅಂದರು.

ನಾನು ಬಾಗಿಲ ಹೊರಗೆ ಗಾಡಿಯ ಲಾಗ್‌ಬುಕ್ ಹಿಡಿದು ನಿಂತಿದ್ದೆ. ಲಾಗ್‌ಬುಕ್ ಕೊಟ್ಟು ಬಂದೆ.

ಜೂನ್ 3, ಮಂಗಳವಾರ

ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಎದ್ದೆ. ವೀರವ್ವ ಕೇಳಿದಳು. ಹೊಟ್ಟೆ ಸರಿಯಿಲ್ಲ ಅಂದೆ.

ಜೂನ್ 5, ಗುರುವಾರ

ಇವತ್ತು ತಡೆಯಲಾಗಲಿಲ್ಲ. ಬೆಳಿಗ್ಗೆ ಕೆರೆಯ ದಂಡೆಗೆ ಹೋದೆ. ಹೊನ್ನವ್ವ ಸಿಹಿ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಸುತ್ತುಬಳಸಿ ಮಾತಾಡಲು ಬರಲಿಲ್ಲ.

"ನೀ ನೋಡಿದ್ದಿ. ನನ್ನ ಕಿಸೆದಾಗ."

"ಹೂನ್ರಿ."

"ಮತ್ತ ಯಾಕ ಹೇಳಲಿಲ್ಲ? ನಿನ್ನ ಹೆಸರು ಹೋಗತೈತಿ."

ಕೊಡ ತುಂಬಿಸಿದಳು. ಹಗ್ಗ ಸುತ್ತಿದಳು. ಆಮೇಲೆ ಹೇಳಿದಳು. ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು.

"ಒಂದ ಸಲ ಬಂದು ಹೇಳಿದ್ನೆಲ್ರಿ, ನೀರಿನಾಗ ಎಣ್ಣಿ ಐತಿ ಅಂತ. ನಕ್ರಿ. ನಾನೂ ನಕ್ಕೆ, ಏನ್ ಮಾಡ್ಲಿ. ಈ ಸಲ ಹೋಗಿ, ಬೂಚ ಶಂಭಣ್ಣಾರ ಕಿಸೆದಾಗೈತಿ ಅಂದ್ರ ಸಾಹೇಬ್ರು ನಂಬತಿದ್ರೇನ್ರಿ? ಕಸಾ ಹೊಡಿಯಾಕಿ ಮಾತು. ನಾನ ಹೇಳಿದ್ರ ಅದು ಚಾಡಿ ಆಕ್ಕೈತಿ. ನೀವ ಹೇಳಿದ್ರ ಅದು ಖರೇ ಆಕ್ಕೈತಿ."

ಕೊಡ ಹೊತ್ತುಕೊಂಡಳು. ಎರಡು ಹೆಜ್ಜೆ ಹೋಗಿ ನಿಂತು, "ನೀರು ಕುಡೀರಿ ಒಂಚೂರ, ಬಿಸಲಾಗ ಬಂದೀರಿ" ಎಂದು ತಂಬಿಗೆ ಕೊಟ್ಟಳು.

ಕುಡಿದೆ. ಇಪ್ಪತ್ತೆರಡು ವರ್ಷ ನಾನು ಬಿಟ್ಟದ್ದೆಲ್ಲ ಬಂದು ಸೇರಿದ್ದು ಇದೇ ನೀರಿಗೆ. ನೀರು ಸಿಹಿ ಇತ್ತು.

ಜೂನ್ 6, ಶುಕ್ರವಾರ — ಮಧ್ಯಾಹ್ನ

ಕೊಟ್ಟೆ. ಒಂದೇ ಸಾಲು ಬರೆದೆ: ಬೂಚ ತೆಗೆದವನು ನಾನು, ಶಂಭುಲಿಂಗ, ಶೆಡ್ ಮೇಲ್ವಿಚಾರಕ. ಬೂಚ ಟೇಬಲ್ಲಿನ ಮೇಲೆ ಇಟ್ಟೆ. ಸಾಹೇಬರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಇಷ್ಟ ದಿನ ಯಾಕ ಸುಮ್ಮನಿದ್ರಿ?" ಅಂದರು. ಹೆದರಿಕೆ ಸರ್ ಅಂದೆ.

ಬೂಚವನ್ನು ಸಾಕ್ಷಿ ಎಂದು ಲಕೋಟೆಯಲ್ಲಿ ಹಾಕಿ ಸೀಲು ಮಾಡಿದರು. ಹೊನ್ನವ್ವನ ಮೆಮೋ ವಾಪಸ್. ಆದೇಶ ಟೈಪ್ ಆಗುವವರೆಗೆ ಮೇಡಂ ಅಲ್ಲಿಂದ ಕದಲಲಿಲ್ಲ. ನನ್ನನ್ನು ನೋಡಿ ತಮ್ಮ ಬಾಟಲಿಯ ನೀರು ಕೊಟ್ಟರು. ಈ ವಾರ ಎಲ್ಲರೂ ನನಗೆ ನೀರು ಕುಡಿಸುತ್ತಿದ್ದಾರೆ.

ವೀರವ್ವನಿಗೆ ಎಲ್ಲ ಹೇಳಿದೆ. ಸಿಟ್ಟಾದಳು — ತೆಗೆದದ್ದಕ್ಕಲ್ಲ, ಒಂಬತ್ತು ದಿನ ಅಡ್ಡಣಿಗೆಯ ಹಿಂದೆ ಇಟ್ಟದ್ದಕ್ಕೆ. ಸರಿಯೇ.

ಜೂನ್ 9, ಸೋಮವಾರ — 3.40

ಬೆಳಿಗ್ಗೆ ಆದೇಶ ಕೈಗೆ ಬಂತು. ಅಮಾನತು. ಶೆಡ್ಡಿನ ಕೀಲಿಕೈ ಅಫ್ಜಲನಿಗೆ ಕೊಟ್ಟೆ. ಅವನು ಅತ್ತ. ಕನ್ನಡಿ ನೋಡೋ ಮಾರಾಯಾ ಅಂದೆ, ಇನ್ನಷ್ಟು ಅತ್ತ. ತೂತಿಗೆ ಅವನು ಚಿಂದಿ ತುರುಕಿದ್ದಾನೆ. ನೋಡಿದೆ. ಒಂದು ಜೋರು ಮಳೆಗೆ ಕಿತ್ತು ಹೋಗುತ್ತದೆ.

ಮನೆಗೆ ಬಂದು ಜಾಲಿ ತುಂಡು ತೆಗೆದುಕೊಂಡು ಕುಳಿತೆ. ಮೊದಲಿನದಕ್ಕಿಂತ ಚೆನ್ನಾಗಿ ಬಂದಿದೆ. ಈ ಸಲ ತಲೆಗೆ ತೂತು ಕೊರೆದು ಸಣ್ಣ ಸರಪಳಿ ಹಾಕಿದ್ದೇನೆ, ಗೋಡೆಗೆ ಬಿಗಿಯಲು. ಇನ್ನು ಇದು ಯಾರ ಕಿಸೆಗೂ ಹೋಗುವುದಿಲ್ಲ. ವೀರವ್ವ ಕೇಳಿದಳು, "ಸಸ್ಪೆಂಡ್ ಆದವ್ರಿಗೆ ಅಲ್ಲೇನ್ ಕೆಲಸ್ರಿ?" ನಾನು ಬೂಚ ಉಜ್ಜುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ತನ್ನ ಹಳೇ ಕೆಂಪು ಕುಪ್ಪಸದ ಅರಿವೆ ಹರಿದು ತಂದು ಪಕ್ಕಕ್ಕೆ ಇಟ್ಟಳು.

ಈಗ ಹಾವೇರಿಯಿಂದ ಮೇಡಂ ಫೋನು. ಹೊನ್ನವ್ವನ ದಾಖಲೆ ಎಲ್ಲ ಸರಿ, ಸಹಿ ಆಯಿತು, ಖಾಯಂ. ಹತ್ತೊಂಬತ್ತು ವರ್ಷ! ಮಾತಾಡಿ ಅಂತ ಅವಳ ಕೈಗೆ ಕೊಟ್ಟರು. ನಾನು ಏನೇನೋ ಹೇಳಬೇಕೆಂದು ಗಂಟಲು ಸರಿ ಮಾಡಿಕೊಂಡೆ.

"ಶಂಭಣ್ಣಾರ, ದುಂಡಸಿ ಕಡೆ ಮೋಡ ಕಟ್ಟೇತೇನ್ರಿ? ತೂತಿಗೆ ಏನ್ ಹಾಕ್ಯಾರ?"

ಹೊರಗೆ ನೋಡಿದೆ. ದುಂಡಸಿಯ ಕಡೆ ಎಲ್ಲ ಕರ್ರಗಾಗಿದೆ. ಅಂಗಳದಲ್ಲಿ ಮೊದಲ ಹನಿ ಬಿತ್ತು. ದೊಡ್ಡ ಹನಿ. ಎರಡು. ಬೂಚ ನನ್ನ ಕೈಯಲ್ಲಿದೆ, ತೂತು ಅಲ್ಲಿ—